ಸೀಬಾಸ್ ಮೊಟ್ಟೆಗೆ ಪ್ರೆಷರ್ ಶಾಕ್ ಮಷೀನ್: ಮೂರು ಸೀಸನ್ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳ್ಬಿಡ್ತೀನಿ, ಮಷೀನಿಗೆ ಐದಕ್ಕೆ ನಾಲ್ಕು ಸ್ಟಾರ್, ಅದರ ಜೊತೆ ಬಂದ ಮ್ಯಾನುಯಲ್‌ಗೆ ಒಂದೇ ಒಂದು. ಆ ಮ್ಯಾನುಯಲ್ ನಂಬ್ಕೊಂಡು ನಾವು ಇಡೀ ಒಂದು ಸೀಸನ್ ಕಳ್ಕೊಂಡ್ವಿ, ಇನ್ನೊಬ್ಬರಿಗೆ ಹಾಗಾಗಬಾರದು ಅಂತಾನೇ ಇಷ್ಟುದ್ದ ಬರೀತಿರೋದು. ಸಮುದ್ರ ಮೀನಿನ ಹ್ಯಾಚರಿ ನಡೆಸೋರು, ಟ್ರಿಪ್ಲಾಯ್ಡ್ ಮರಿ (ಎರಡರ ಬದಲು ಮೂರು ಸೆಟ್ ಕ್ರೋಮೋಸೋಮ್ ಇರೋ ಬಂಜೆ ಮೀನು) ಮಾಡಿ ನೋಡೋಣ ಅಂತ ಯೋಚನೆ ಇರೋರು, ಕಾಲೇಜ್ ಲ್ಯಾಬಿಗೆ ಇಂಥದ್ದೊಂದು ತರಿಸೋಣ ಅಂದ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಕಂಪನಿ ಹೆಸರು ಬರೆಯಲ್ಲ, ಯಾರು ಮಾಡಿದ್ರೂ ಈ ಥರದ ಮಷೀನಿನ ಒಳಗಿನ ಲೆಕ್ಕ ಒಂದೇ.

ನೋಡೋಕೆ ದೊಡ್ಡ ವಿಷಯ ಏನಲ್ಲ. ದಪ್ಪ ಗೋಡೆಯ ಒಂದು ಸ್ಟೀಲ್ ಸಿಲಿಂಡರ್, ಒಳಗೆ ಸುಮಾರು ಎರಡೂವರೆ ಲೀಟರ್ ಜಾಗ, ಮೇಲೆ ಓ ರಿಂಗ್ ಇರೋ ಪಿಸ್ಟನ್ ಮುಚ್ಚಳ, ಪಕ್ಕದಲ್ಲಿ ಕೈಯಲ್ಲಿ ಒತ್ತೋ ಹೈಡ್ರಾಲಿಕ್ ಪಂಪು, ಒಂದು ಗೇಜು, ಪ್ರೆಷರ್ ಬಿಡೋಕೆ ಒಂದು ವಾಲ್ವು. ಮೊಟ್ಟೆ ನೀರು ಒಳಗೆ ಹಾಕಿ, ಮುಚ್ಚಿ, ಒತ್ತಿ, ಎರಡು ನಿಮಿಷ ಹಿಡಿದು, ಬಿಡೋದು. ಅಷ್ಟೇ ಕೆಲಸ. ಸೀಬಾಸ್‌ಗೆ (ನಮ್ಮದು ಯುರೋಪಿಯನ್ ಸೀಬಾಸ್) ನಾವು ಕೊಡೋದು 8500 ಪಿಎಸ್‌ಐ, ಅಂದ್ರೆ ಸಮುದ್ರದಲ್ಲಿ ಐದೂವರೆ ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ್ರೆ ಎಷ್ಟು ಒತ್ತಡ ಇರತ್ತೋ ಅಷ್ಟು. ಒಂದು ಮಿಲಿಮೀಟರ್‌ಗಿಂತ ಚೂರು ದೊಡ್ಡದಿರೋ, ಗಾಜಿನ ಮಣಿ ಥರ ಕಾಣೋ ಮೊಟ್ಟೆ ಅದನ್ನ ತಡ್ಕೊಂಡು ಹೊರಗೆ ಬಂದು ಮತ್ತೆ ತೇಲತ್ತೆ, ಮೂರನೇ ಸೀಸನ್‌ನಲ್ಲೂ ನಂಗೆ ಅದನ್ನ ನೋಡಿದಾಗೆಲ್ಲ ಮೈ ಜುಮ್ಮನ್ನತ್ತೆ.

ಯಾಕೆ ಇಷ್ಟೆಲ್ಲ ಒತ್ತೋದು ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ, ಇದು ಅರ್ಥ ಆಗದೆ ಮಷೀನ್ ತಗೊಂಡ್ರೆ ಪ್ರಯೋಜನ ಇಲ್ಲ. ಯುರೋಪಿಯನ್ ಸೀಬಾಸ್‌ಗೆ 48 ಕ್ರೋಮೋಸೋಮು, ತಾಯಿಯಿಂದ 24, ತಂದೆಯಿಂದ 24. ಆದ್ರೆ ಹೆಣ್ಣು ಮೀನಿಂದ ಮೊಟ್ಟೆ ಹೊರಗೆ ಬಂದಾಗ ಅದರ ಒಳಗಿನ ಲೆಕ್ಕ ಇನ್ನೂ ಮುಗಿದಿರಲ್ಲ. ಅದರ ಹತ್ರ ಒಂದು ಸೆಟ್ ಹೆಚ್ಚಿಗೆ ಇರತ್ತೆ, ಎರಡನೇ ವಿಭಜನೆ ಅರ್ಧಕ್ಕೆ ನಿಂತಿರತ್ತೆ. ವೀರ್ಯಾಣು ಒಳಗೆ ಹೋದ್ಮೇಲೆನೇ ಮೊಟ್ಟೆ ಎಚ್ಚರ ಆಗಿ ಆ ಹೆಚ್ಚಿನ ಸೆಟ್ಟನ್ನ ಒಂದು ಪುಟ್ಟ ಚೀಲದಲ್ಲಿ ಕಟ್ಟಿ ಹೊರಗೆ ತಳ್ಳೋದು, ಅದಕ್ಕೆ ಎರಡನೇ ಪೋಲಾರ್ ಬಾಡಿ ಅಂತಾರೆ. ಸರಿಯಾಗಿ ಆ ತಳ್ಳೋ ಹೊತ್ತಿಗೆ ಒತ್ತಡನೋ ಚಳಿನೋ ಕೊಟ್ರೆ, ಕ್ರೋಮೋಸೋಮ್ ಎಳೆಯೋ ಸೂಕ್ಷ್ಮ ನೂಲುಗಳು ಕಳಚಿ ಹೋಗ್ತವೆ, ಹೊರಗೆ ಹೋಗ್ಬೇಕಾದ ಸೆಟ್ ಒಳಗೇ ಉಳಿಯತ್ತೆ. ತಾಯಿದು ಎರಡು, ತಂದೆದು ಒಂದು, ಒಟ್ಟು 72. ಅದೇ ಟ್ರಿಪ್ಲಾಯ್ಡ್. ಬೇರೆ ಎಲ್ಲಿಂದಲೋ ಜೀನ್ ತಂದು ಸೇರಿಸೋ ಮಾತೇ ಇಲ್ಲ, ತಾಯಿ ಎಸೀತಿದ್ದದ್ದನ್ನ ಎಸೆಯೋಕೆ ಬಿಡಲಿಲ್ಲ ಅಷ್ಟೇ. ಅದಕ್ಕೇ ಯುರೋಪಿಯನ್ ಯೂನಿಯನ್‌ನ 2001ರ ನಿರ್ದೇಶನದಲ್ಲಿ ಪಾಲಿಪ್ಲಾಯ್ಡಿ ಮಾಡೋದನ್ನ ಜೆನೆಟಿಕ್ ಮಾರ್ಪಾಡು ಅಂತ ಲೆಕ್ಕಕ್ಕೆ ತಗೊಂಡಿಲ್ಲ. ನೋಡೋಕೆ ಬಂದೋರೆಲ್ಲ ಮೊದಲು ಇದನ್ನೇ ಕೇಳ್ತಾರೆ, ಹಾಗಾಗಿ ಹೇಳಿದೆ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. 1959ರ ಹೊತ್ತಿಗೇ ಸ್ವರೂಪ್ ಅನ್ನೋರು ಸ್ಟಿಕಲ್‌ಬ್ಯಾಕ್ ಅನ್ನೋ ಪುಟ್ಟ ಮೀನಿನ ಮೊಟ್ಟೆಗೆ ಚಳಿ ಕೊಟ್ಟು ಟ್ರಿಪ್ಲಾಯ್ಡ್ ಮಾಡಿದ್ದನ್ನ ಬರೆದಿದ್ರು. ಸಾಕೋಕೆ ಆಗೋ ಸಮುದ್ರ ಮೀನಿನಲ್ಲಿ ಇಂಗ್ಲೆಂಡಿನ ಪರ್ಡಮ್ 1972ರಲ್ಲಿ ಪ್ಲೇಸ್ ಅನ್ನೋ ಚಪ್ಪಟೆ ಮೀನಿನಲ್ಲಿ ಮಾಡಿದ್ದನ್ನ ಪ್ರಕಟಿಸಿದ್ರು, ಅದೂ ಚಳಿಯಿಂದಲೇ. ಅಂದ್ರೆ ಐಸು, ಒಂದು ಬಕೆಟು, ಒಂದು ಗಡಿಯಾರ ಇಟ್ಕೊಂಡು ಶುರುವಾದ ಕೆಲಸ ಇದು. ನಮ್ಮ ಸ್ಟೀಲ್ ಸಿಲಿಂಡರ್ ಆಮೇಲೆ ಬಂದದ್ದು.

ಈಗ ಮ್ಯಾನುಯಲ್ ಕಥೆಗೆ ಬರ್ತೀನಿ. ಈ ಮಷೀನುಗಳು ಹೆಚ್ಚಾಗಿ ಮಾರಾಟ ಆಗೋದು ಸಾಲ್ಮನ್, ಟ್ರೌಟ್ ಹ್ಯಾಚರಿಗಳಿಗೆ. ಸಾಲ್ಮನ್‌ಗೆ ಒಂದು ಲೆಕ್ಕ ಇದೆ, ಡಿಗ್ರಿ ನಿಮಿಷ ಅಂತ, ನೀರಿನ ಬಿಸಿ ಎಷ್ಟು ಡಿಗ್ರಿನೋ ಅದನ್ನ ನಿಮಿಷಕ್ಕೆ ಗುಣಿಸಿದ್ರೆ 300 ಬರಬೇಕು. 10 ಡಿಗ್ರಿ ನೀರಾದ್ರೆ ಫಲೀಕರಣ ಆಗಿ 30 ನಿಮಿಷಕ್ಕೆ ಶಾಕ್ ಶುರು, 9500 ಪಿಎಸ್‌ಐ, 5 ನಿಮಿಷ. ಸಾಲ್ಮನ್‌ಗೆ ಅದು ಸರಿಯಾದ ಲೆಕ್ಕನೇ. ನಮ್ಮ ಮ್ಯಾನುಯಲ್‌ನಲ್ಲಿ ಆ ಲೆಕ್ಕ ಬರೆದು, ಕೆಳಗೆ ಒಂದೇ ಸಾಲಿನಲ್ಲಿ ಇತರ ಮೀನುಗಳಿಗೂ ಇದೇ ಸೂತ್ರ ಬಳಸಬಹುದು ಅಂತ ಹಾಕಿದ್ರು. ನಮಗೆ ಮೊದಲ ಸೀಸನ್, ಅನುಭವ ಇಲ್ಲ, ನಂಬಿದ್ವಿ. ನಮ್ಮ ನೀರು 14 ಡಿಗ್ರಿ, 300ನ್ನ 14ರಿಂದ ಭಾಗಿಸಿದ್ರೆ 21 ನಿಮಿಷ ಚಿಲ್ಲರೆ. ಸ್ಟಾಪ್‌ವಾಚ್ ಹಿಡ್ಕೊಂಡು ಕರೆಕ್ಟಾಗಿ 21ನೇ ನಿಮಿಷಕ್ಕೆ ಒತ್ತಿದ್ವಿ.

ಸೀಬಾಸ್‌ಗೆ 21 ನಿಮಿಷ ಅಂದ್ರೆ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರತ್ತೆ. ಆ ಮೊಟ್ಟೆ ತನ್ನ ಪೋಲಾರ್ ಬಾಡಿನ ಅಷ್ಟರಲ್ಲಿ ಹೊರಗೆ ಹಾಕಿ ಆಗಿರತ್ತೆ, ಮೊದಲ ಕೋಶ ವಿಭಜನೆಗೆ ಇನ್ನೂ ಟೈಮ್ ಇರತ್ತೆ, ಅಂದ್ರೆ ಒತ್ತಿದ್ರೂ ತಡೆಯೋಕೆ ಅಲ್ಲಿ ಏನೂ ನಡೀತಾ ಇರಲ್ಲ. ಮೊಟ್ಟೆಗೆ ಸುಮ್ಮನೆ ನೋವು ಕೊಟ್ಟಂಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು ಅಂತಾರಲ್ಲ, ಸಾಲ್ಮನ್ ಲೆಕ್ಕನ ಸೀಬಾಸ್‌ಗೆ ಹಾಕೋದು ಅಂದ್ರೆ ಅದೇ. ಮತ್ತೆ ನಮ್ಮನ್ನ ದಾರಿ ತಪ್ಪಿಸಿದ್ದು ಏನಂದ್ರೆ, ಮೊಟ್ಟೆಗಳು ಪರವಾಗಿಲ್ಲ ಅನ್ನೋ ಹಾಗೆ ಬದುಕಿದ್ವು. ಕಂಟ್ರೋಲಿಗಿಂತ, ಅಂದ್ರೆ ಹೋಲಿಸೋಕೆ ಅಂತ ಶಾಕ್ ಕೊಡದೆ ಇಟ್ಟ ಮೊಟ್ಟೆಗಿಂತ, ಸ್ವಲ್ಪ ಹೆಚ್ಚು ಸತ್ವು, ಆದ್ರೂ ಒಳ್ಳೆ ಹ್ಯಾಚಿಂಗ್. ನಾವೆಲ್ಲ ಖುಷಿ. ರೋಟಿಫರ್, ಆರ್ಟೀಮಿಯ ಅನ್ನೋ ಪುಟ್ಟ ಜೀವಿಗಳನ್ನ ತಿನ್ನೋಕೆ ಹಾಕಿ, ಮೇಲಿನ ಎಣ್ಣೆ ಪದರ ದಿನಾ ತೆಗೆದು, ಒಣ ಆಹಾರಕ್ಕೆ ಹೊಂದಿಸಿ, ರಾತ್ರಿ ಎದ್ದು ಆಕ್ಸಿಜನ್ ನೋಡಿ ತಿಂಗಳುಗಟ್ಟಲೆ ಸಾಕಿದ್ವಿ. ಮರಿ ರಕ್ತ ತೆಗೆಯೋಷ್ಟು ದೊಡ್ಡದಾದ್ಮೇಲೆ ನಲವತ್ತು ಮೀನಿನ ಸ್ಯಾಂಪಲ್ ಫ್ಲೋ ಸೈಟೋಮೀಟರಿಗೆ (ಕೋಶದಲ್ಲಿ ಡಿಎನ್‌ಎ ಎಷ್ಟಿದೆ ಅಂತ ಅಳೆಯೋ ಉಪಕರಣ) ಕಳಿಸಿದ್ವಿ. ನಲವತ್ತಕ್ಕೆ ನಲವತ್ತೂ ಡಿಪ್ಲಾಯ್ಡ್, ಅಂದ್ರೆ ಮಾಮೂಲಿ ಎರಡೇ ಸೆಟ್. ಹೊಳೇಲಿ ಹುಣಸೆಹಣ್ಣು ಕಲಸಿದಂಗಾಯ್ತು. ಮೀನೇನೂ ಹಾಳಾಗಲಿಲ್ಲ, ಮಾಮೂಲಿ ಸೀಬಾಸ್ ಆಗಿ ಬೆಳೆದ್ವು, ಆದ್ರೆ ಅವುಗಳ ಜೊತೆ ರಾತ್ರಿ ಕೂತಿದ್ದ ಹುಡುಗರ ಮುಖ ನೋಡೋಕಾಗಲಿಲ್ಲ.

ಸೀಬಾಸ್‌ಗೆ ಸರಿಯಾದ ಟೈಮು ಫಲೀಕರಣ ಆಗಿ 6 ನಿಮಿಷ, 8500 ಪಿಎಸ್‌ಐ, 2 ನಿಮಿಷ. ನಮ್ಮ 13-14 ಡಿಗ್ರಿ ನೀರಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡ್ತು, ಸಂಶೋಧಕರು ಪ್ರಕಟಿಸಿರೋದೂ ಈ ಸುತ್ತಮುತ್ತಲಿನ ಲೆಕ್ಕನೇ. ಆರು ನಿಮಿಷ ಅಂದ್ರೆ ಎಷ್ಟು ಕಮ್ಮಿ ಅಂತ ಮಾಡಿ ನೋಡಿದೋರಿಗೇ ಗೊತ್ತು. ಒಂದು ದಿನದ ಕೆಲಸ ಹೇಗಿರತ್ತೆ ಅಂತ ಬರೀತೀನಿ, ಮಷೀನಿನ ಒಳ್ಳೇದು ಕೆಟ್ಟದ್ದು ಎರಡೂ ಅಲ್ಲೇ ಗೊತ್ತಾಗೋದು.

ಹೆಣ್ಣಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಸುಮಾರು ಮೂರು ದಿನಕ್ಕೆ ಮೊಟ್ಟೆ ಬಿಡೋಕೆ ತಯಾರಾಗತ್ತೆ. ಆ ಹೊತ್ತು ಹತ್ರ ಬಂದ್ರೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು, ಹೊಟ್ಟೆಯಲ್ಲಿ ಬಿಡುಗಡೆ ಆದ ಮೊಟ್ಟೆ ಕೆಲವೇ ಗಂಟೆಯಲ್ಲಿ ಹಳಸತ್ತೆ. ಹೊಟ್ಟೆ ಮೆತ್ತಗೆ ಒರೆಸಿ, ಒತ್ತಿ, ಒಣ ಬಟ್ಟಲಿಗೆ ಮೊಟ್ಟೆ ತಗೀತೀವಿ, ಒಂದು ಹನಿ ಸಮುದ್ರದ ನೀರೂ ಬೀಳಬಾರದು. ಎರಡು ಮೂರು ಗಂಡಿನಿಂದ ಹಾಲು (ಮೀನಿನ ವೀರ್ಯಕ್ಕೆ ನಾವು ಹಾಗಂತೀವಿ) ತಗೊಂಡು, ಮೈಕ್ರೋಸ್ಕೋಪಲ್ಲಿ ಓಡಾಟ ನೋಡಿ ಬೆರೆಸ್ತೀವಿ. ಇಲ್ಲಿವರೆಗೂ ಗಡಿಯಾರ ಶುರುವಾಗಿರಲ್ಲ, ಯಾಕಂದ್ರೆ ಹಾಲಿನೊಳಗೆ ವೀರ್ಯಾಣು ಅಲ್ಲಾಡಲ್ಲ, ಸಮುದ್ರದ ನೀರಿನ ಉಪ್ಪು ತಾಗಿದ ಕ್ಷಣ ಓಡೋಕೆ ಶುರು ಮಾಡತ್ತೆ, ಒಂದು ನಿಮಿಷದ ಒಳಗೆ ಸುಸ್ತಾಗಿ ನಿಲ್ಲತ್ತೆ. ಹಾಗಾಗಿ ನೀರು ಸುರಿದ ಕ್ಷಣನೇ ಸೊನ್ನೆ. ನಮ್ಮ ಲ್ಯಾಬ್ ಮೇಡಂ "ನೀರು" ಅಂತ ಜೋರಾಗಿ ಹೇಳ್ತಾರೆ, ನಾನು ವಾಚ್ ಒತ್ತುತೀನಿ, ಆಮೇಲೆ ಯಾರೂ ಬೇರೆ ಮಾತಾಡಲ್ಲ. ಎರಡು ನಿಮಿಷಕ್ಕೆ ಮೊಟ್ಟೆ ಜರಡಿಗೆ ಬಂದು ತೊಳೆದಿರತ್ತೆ, ಮೂರಕ್ಕೆ ಅರ್ಧ ಭಾಗ ಕಂಟ್ರೋಲ್ ಬಕೆಟಿಗೆ, ಅರ್ಧ ಸಿಲಿಂಡರಿಗೆ, ನಾಲ್ಕಕ್ಕೆ ಸಿಲಿಂಡರ್ ಅಂಚಿನವರೆಗೂ ನೀರು ತುಂಬಿ ಮುಚ್ಚಳ ಕೂರಿಸೋದು, ಐದಕ್ಕೆ ಗಾಳಿ ಸ್ಕ್ರೂ ಬಿಗಿದು ಪಂಪ್ ಮೇಲೆ ಕೈ. "ಐದೂ ನಲವತ್ತು ಸರ್" ಅಂತ ಹುಡುಗ ಕೂಗ್ತಾನೆ, ಒತ್ತೋಕೆ ಶುರು, ಆರಕ್ಕೆ ಮುಳ್ಳು 8500ರ ಮೇಲೆ ಇರಬೇಕು.

ಇಲ್ಲಿ ಮಷೀನಿನ ಮೊದಲ ಒಳ್ಳೆ ಗುಣ: ಏರೋದು ಬೇಗ, ಏರಿದ ಮೇಲೆ ಅಲ್ಲಾಡದೆ ನಿಲ್ಲತ್ತೆ. ಎರಡು ನಿಮಿಷದಲ್ಲಿ ಮುಳ್ಳು ನೂಲಿನೆಳೆಯಷ್ಟು ಇಳಿಯತ್ತೆ, ಒಂದು ಅರ್ಧ ಸ್ಟ್ರೋಕ್ ಕೊಟ್ರೆ ಸರಿಹೋಗತ್ತೆ. ಬಿಡೋ ವಾಲ್ವೂ ಅಚ್ಚುಕಟ್ಟು, ಕಾಲು ಸುತ್ತು ತಿರುಗಿಸಿದ್ರೆ ಒಂದೇ ಸಲ ಸೊನ್ನೆಗೆ ಬರತ್ತೆ. ನಿಧಾನಕ್ಕೆ ಇಳಿದ್ರೆ ಶಾಕ್ ಎಷ್ಟು ನಿಮಿಷ ಇತ್ತು ಅನ್ನೋ ಲೆಕ್ಕವೇ ತಪ್ಪತ್ತೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಗಾಳಿ ಗುಳ್ಳೆ ಬಗ್ಗೆ ಮ್ಯಾನುಯಲ್ ಒಂದು ಮಾತೂ ಹೇಳಲ್ಲ, ನಾನು ಹೇಳ್ತೀನಿ. ಇಷ್ಟು ಒತ್ತಡದಲ್ಲಿ ನೀರು ಕುಗ್ಗೋದು ಎರಡೂವರೆ ಪರ್ಸೆಂಟ್ ಹತ್ರ ಅಷ್ಟೇ, ಆದ್ರೆ ಮುಚ್ಚಳದ ಕೆಳಗೆ ನಿಂಬೆಹಣ್ಣಿನಷ್ಟು ಗಾಳಿ ಉಳಿದಿದ್ರೆ ಮೊದಲು ಅದು ಕುಗ್ಗಿ ಮುಗಿಯೋವರೆಗೂ ಪ್ರೆಷರ್ ಏರೋದೇ ಇಲ್ಲ. ನಮ್ಮ ಮಷೀನಲ್ಲಿ ಗಾಳಿ ಇಲ್ದಿದ್ರೆ ಇಪ್ಪತ್ತು ಸ್ಟ್ರೋಕಿನೊಳಗೆ ಮುಳ್ಳು ಜಾಗಕ್ಕೆ ಬರತ್ತೆ, ಮೂವತ್ತಾದ್ರೂ ಬರಲಿಲ್ಲ ಅಂದ್ರೆ ಒಳಗೆ ಗುಳ್ಳೆ ಇದೆ ಅಂತ ಅರ್ಥ, ಅಷ್ಟೊತ್ತಿಗೆ ನಿಮ್ಮ ಆರು ನಿಮಿಷ ಏಳಾಗಿರತ್ತೆ. ಮುಚ್ಚಳದ ಒಳಮೈ ಸಪಾಟಾಗಿರೋದೇ ತೊಂದರೆ. ಚೂರು ಇಳಿಜಾರು ಕೊಟ್ಟು ಗಾಳಿ ಸ್ಕ್ರೂ ಮೇಲಿನ ತುದಿಗೆ ಇಟ್ಟಿದ್ರೆ ಗುಳ್ಳೆ ತಾನೇ ಹೊರಗೆ ಹೋಗ್ತಿತ್ತು. ನಾವೀಗ ಸಿಲಿಂಡರನ್ನ ಸ್ವಲ್ಪ ವಾಲಿಸಿ, ರಬ್ಬರ್ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿ, ಸ್ಕ್ರೂ ತೂತಿಂದ ನೀರು ಉಕ್ಕಿದ ಮೇಲೆನೇ ಬಿಗೀತೀವಿ.

ಇನ್ನೊಂದು, ಸ್ಟೀಲ್ ಭಾರಿ ದಪ್ಪ ಇರೋದರಿಂದ ರೂಮಿನ ಬಿಸಿ ಹಿಡ್ಕೊಂಡಿರತ್ತೆ. ರೂಮ್ 24 ಡಿಗ್ರಿ, ನೀರು 14 ಡಿಗ್ರಿ ಅಂದ್ರೆ ಸಿಲಿಂಡರಿಗೆ ಹಾಕಿದ ಮೊಟ್ಟೆಗೆ ಬಿಸಿ ತಾಗತ್ತೆ, ಬಿಸಿ ತಾಗಿದ್ರೆ ಒಳಗಿನ ಗಡಿಯಾರ ಬೇಗ ಓಡತ್ತೆ, ಎಲ್ಲ ಲೆಕ್ಕ ಮೇಲೆ ಕೆಳಗೆ. ಹಿಂದಿನ ರಾತ್ರಿನೇ ಸಿಲಿಂಡರನ್ನ ಹ್ಯಾಚರಿ ನೀರಿನಲ್ಲಿ ಮುಳುಗಿಸಿ ಇಡ್ತೀವಿ. ಇದನ್ನೂ ಮ್ಯಾನುಯಲ್ ಹೇಳಲ್ಲ.

ಉಪ್ಪು. ಇದು ನನ್ನ ದೊಡ್ಡ ದೂರು. ಸಾಲ್ಮನ್ ಮೊಟ್ಟೆ ಸಿಹಿನೀರಿಂದು, ಹಾಗಾಗಿ ಮಷೀನ್ ಮಾಡಿದೋರ ತಲೇಲಿ ಸಿಹಿನೀರೇ ಇದ್ದಂಗಿದೆ. ಒಂದೇ ಸೀಸನ್‌ಗೆ ಮುಚ್ಚಳದ ಥ್ರೆಡ್ಡಿನ ಸಂದಿಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ ಬಂತು, ಬೆರಳಿಟ್ಟು ಸವರಿದ್ರೆ ಗುಳಿ ಬಿದ್ದಿರೋದು ಗೊತ್ತಾಗ್ತಿತ್ತು. ಇಷ್ಟು ಪ್ರೆಷರ್ ಹಿಡಿಯೋ ಪಾತ್ರೆಯಲ್ಲಿ ಗುಳಿ ಅಂದ್ರೆ ತಮಾಷೆ ಅಲ್ಲ, ಪಕ್ಕದಲ್ಲಿ ನಿಂತಿರೋರ ಜೀವದ ಪ್ರಶ್ನೆ. ಫೋಟೋ ಕಳಿಸಿದ್ವಿ. ಉತ್ತರ ಬರೋಕೆ ಮೂರು ವಾರ, ಬಂದ ಮೇಲೆ ಮಾತ್ರ ಚೆನ್ನಾಗಿ ನಡ್ಕೊಂಡ್ರು, ಬೇರೆ ಗ್ರೇಡಿನ ಸ್ಟೀಲಿನ ಮುಚ್ಚಳ ಬದಲಿ ಕಳಿಸಿದ್ರು, ಸಿಲಿಂಡರನ್ನ ಮತ್ತೆ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ರು. ಮೊಟ್ಟೆ ಸೀಸನ್ ಮಧ್ಯದಲ್ಲಿ ಮೂರು ವಾರ ಅಂದ್ರೆ ಸೀಸನ್ನೇ ಹೋದಂಗೆ, ಅದಕ್ಕೇ ಒಂದು ಸ್ಟಾರ್ ಕಡಿಮೆ. ಪ್ರತಿ ಸಲ ಕೆಲಸ ಆದ ತಕ್ಷಣ ಸಿಹಿನೀರಲ್ಲಿ ತೊಳೆದು ಒರೆಸಿ ಒಣಗಿಸಿ ಓ ರಿಂಗಿಗೆ ಗ್ರೀಸ್ ಹಚ್ಚಿ ಇಡಿ, ಆಮೇಲೆ ಮಾಡೋಣ ಅಂತ ಬಿಡಬೇಡಿ.

ಒಂದು ಖುಷಿಯ ವಿಷಯ ಅಂದ್ರೆ ಸಮುದ್ರ ಮೀನಿನ ಮೊಟ್ಟೆ ಚಿಕ್ಕದು, ಸೀಬಾಸ್ ಆದ್ರೆ ಒಂದು ಗ್ರಾಮಿಗೆ ಹತ್ರ ಹತ್ರ ಸಾವಿರ, ಹಾಗಾಗಿ ಎರಡೂವರೆ ಲೀಟರ್ ಜಾಗ ನಮಗೆ ಧಾರಾಳ. ಸಾಲ್ಮನ್‌ನೋರು ದಿನಕ್ಕೆ ಎಷ್ಟೋ ಸಲ ತುಂಬಿ ಖಾಲಿ ಮಾಡಬೇಕು, ನಾವು ಒಂದು ಹೆಣ್ಣಿನ ಮೊಟ್ಟೆ ಒಂದೇ ಸಲಕ್ಕೆ ಮುಗಿಸ್ತೀವಿ.

ಶಾಕ್ ಆದ್ಮೇಲೆ ಮೊಟ್ಟೆಯನ್ನ ಉದ್ದನೆ ಅಳತೆ ಜಾಡಿಗೆ ಹಾಕಿ ನೀರು ಅಲ್ಲಾಡದೆ ಬಿಟ್ರೆ ಒಳ್ಳೇದು ಮೇಲೆ ತೇಲತ್ತೆ, ಸತ್ತದ್ದು ಬೆಳ್ಳಗಾಗಿ ತಳಕ್ಕೆ ಕೂರತ್ತೆ. ಕಂಟ್ರೋಲ್ ಜಾಡಿ ಪಕ್ಕದಲ್ಲೇ ಇಟ್ಟು ನೋಡ್ಬೇಕು. ಕಂಟ್ರೋಲಲ್ಲೇ ಅರ್ಧ ಮುಳುಗಿದ್ರೆ ಆ ಹೆಣ್ಣಿನ ಮೊಟ್ಟೆನೇ ಹಳಸಿತ್ತು ಅಂತ, ಮಷೀನನ್ನ ಬೈಯೋಕಾಗಲ್ಲ. ಕಂಟ್ರೋಲ್ ಚೆನ್ನಾಗಿ ತೇಲಿ ಶಾಕ್ ಆದದ್ದು ಮಾತ್ರ ಮುಳುಗಿದ್ರೆ ಒತ್ತಡ ಜಾಸ್ತಿ ಆಗಿರಬೇಕು, ಇಲ್ಲ ಹೆಚ್ಚು ಹೊತ್ತು ಹಿಡಿದಿರಬೇಕು. ಕಂಟ್ರೋಲ್ ಇಡದೆ ಶಾಕ್ ಕೊಡೋರನ್ನ ನೋಡಿದ್ದೀನಿ, ಮೊಟ್ಟೆ ವೇಸ್ಟ್ ಅಂತಾರೆ. ಅವರಿಗೆ ಯಾವತ್ತೂ ಏನು ತಪ್ಪಾಯ್ತು ಅಂತ ಗೊತ್ತಾಗಲ್ಲ.

ಮತ್ತೆ ಟೆಸ್ಟ್. ಎರಡನೇ ಸೀಸನ್‌ನಿಂದ ನಾವು ಮೊಟ್ಟೆ ಒಡೆದ ಒಂದೆರಡು ದಿನದೊಳಗೇ ಲಾರ್ವಾ ತೆಗೆದು ಫ್ಲೋ ಸೈಟೋಮೀಟರಿಗೆ ಕೊಡ್ತೀವಿ, ತಿಂಗಳುಗಟ್ಟಲೆ ಕಾಯಲ್ಲ. ಡಿಎನ್‌ಎಗೆ ಅಂಟೋ ಬಣ್ಣ ಹಾಕಿ ಒಂದೊಂದೇ ಕೋಶ ಲೇಸರ್ ಮುಂದೆ ಹರಿಸೋದು, ಹೊಳಪು ಎಷ್ಟೋ ಡಿಎನ್‌ಎ ಅಷ್ಟು. ಡಿಪ್ಲಾಯ್ಡ್ ಗುಡ್ಡ 200ರಲ್ಲಿ ಎದ್ರೆ ಟ್ರಿಪ್ಲಾಯ್ಡ್ ಗುಡ್ಡ 300ರಲ್ಲಿ ಏಳತ್ತೆ, ಒಂದೂವರೆ ಪಟ್ಟು. ಎರಡನೇ ಸೀಸನ್‌ನಲ್ಲಿ ಮೊದಲ ಸಲ ಸ್ಕ್ರೀನ್ ಮೇಲೆ ಆ ಗುಡ್ಡ ಬಲಕ್ಕೆ ಸರಿದು ಎದ್ದಾಗ ಮೇಡಂ ಏನೂ ಹೇಳದೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ರು, ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ಸೈಟೋಮೀಟರ್ ಸಿಗದೇ ಇದ್ರೆ ರಕ್ತದ ಸ್ಲೈಡ್ ಮಾಡಿ ಕೆಂಪು ಕಣದ ನ್ಯೂಕ್ಲಿಯಸ್ ಅಳೆಯಬಹುದು, ಮೀನಿನ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇರತ್ತೆ, ಟ್ರಿಪ್ಲಾಯ್ಡಲ್ಲಿ ಅದು ಎದ್ದು ಕಾಣೋ ಹಾಗೆ ಉದ್ದ. ಆದ್ರೆ ಮರಿ ಅಷ್ಟು ದೊಡ್ಡದಾಗೋವರೆಗೂ ಕಾಯಬೇಕು. ಎರಡರಲ್ಲಿ ಒಂದಾದ್ರೂ ನಿಮ್ಮ ಕೈಗೆ ಸಿಗೋ ಹಾಗಿಲ್ದಿದ್ರೆ ಈ ಮಷೀನ್ ತಗೋಬೇಡಿ ಅಂತ ಖಡಾಖಂಡಿತವಾಗಿ ಹೇಳ್ತೀನಿ.

ಮಷೀನ್ ಇನ್ನೊಂದು ಕೆಲಸಕ್ಕೂ ಬರತ್ತೆ, ಗೈನೋಜೆನೆಸಿಸ್. ಅಂದ್ರೆ ತಂದೆಯ ಕ್ರೋಮೋಸೋಮ್ ಬೇಡವೇ ಬೇಡ ಅನ್ನೋದು. ವೀರ್ಯವನ್ನ ತೆಳ್ಳಗೆ ಮಾಡಿ ಅಲ್ಲಾಡಿಸ್ತಾ ಯುವಿ ದೀಪದ ಕೆಳಗೆ ಇಟ್ರೆ ಡಿಎನ್‌ಎ ಕೆಟ್ಟು ಹೋಗತ್ತೆ, ಆದ್ರೂ ಓಡತ್ತೆ, ಮೊಟ್ಟೆನ ಎಬ್ಬಿಸತ್ತೆ. ಆಮೇಲೆ ಅದೇ ಆರು ನಿಮಿಷ, ಅದೇ ಶಾಕ್, ತಾಯಿಯ ಎರಡು ಸೆಟ್ಟೇ ಉಳಿದು ಮರಿಯಾಗತ್ತೆ. ಇದರಲ್ಲಿ ಒಂದು ವಿಚಿತ್ರ ಇದೆ, ಹರ್ಟ್‌ವಿಗ್ ಅನ್ನೋರು 1911ರಲ್ಲಿ ಕಪ್ಪೆಯಲ್ಲಿ ಕಂಡದ್ದು. ಕಿರಣ ಸ್ವಲ್ಪ ಕೊಟ್ರೆ ಭ್ರೂಣಗಳು ಹೆಚ್ಚು ಸಾಯ್ತವೆ, ಇನ್ನೂ ಜಾಸ್ತಿ ಕೊಟ್ರೆ ಬದುಕೋದು ಮತ್ತೆ ಏರತ್ತೆ. ಅರ್ಧಂಬರ್ಧ ಕೆಟ್ಟ ತಂದೆ ಕ್ರೋಮೋಸೋಮ್ ಇದ್ರೆ ವಿಷ, ಪೂರ್ತಿ ಹೋದ್ರೆ ಅಡ್ಡಿ ಇಲ್ಲ. ಹಾಗಾಗಿ ಇಲ್ಲಿ ಇನ್ನೊಂದು ಕಂಟ್ರೋಲ್ ಬೇಕೇ ಬೇಕು, ಯುವಿ ವೀರ್ಯ ಹಾಕಿ ಶಾಕ್ ಕೊಡದೆ ಬಿಟ್ಟದ್ದು. ಅವೆಲ್ಲ ಒಂದೇ ಸೆಟ್ಟಿನ ಹ್ಯಾಪ್ಲಾಯ್ಡ್ ಆಗಬೇಕು, ಮೈ ಗಿಡ್ಡ, ಬಾಲ ಸೊಟ್ಟ, ಕಣ್ಣು ಸಣ್ಣ, ಮೊಟ್ಟೆ ಒಡೆಯೋ ಹೊತ್ತಿಗೆ ಎಲ್ಲ ಸಾಯ್ತವೆ. ಆ ಬಟ್ಟಲಲ್ಲಿ ಒಂದು ನೆಟ್ಟಗಿನ ಮರಿ ಈಜಾಡ್ತಿದ್ರೂ ನಿಮ್ಮ ಯುವಿ ಸಾಲದು ಅಂತ ಅರ್ಥ. ಜಪಾನೀಸ್ ಫ್ಲೌಂಡರ್ ಮೇಲೆ ಕೆಲಸ ಮಾಡೋರು ಇನ್ನೂ ಜಾಣ್ಮೆ ಮಾಡಿದ್ರು, ರೆಡ್ ಸೀಬ್ರೀಮ್ ಅನ್ನೋ ಬೇರೆ ಜಾತಿ ಮೀನಿನ ವೀರ್ಯವನ್ನೇ ಯುವಿಗೆ ಹಿಡಿದು ಹಾಕಿದ್ರು, ತಂದೆ ಕಡೆಯಿಂದ ಏನಾದ್ರೂ ನುಸುಳಿದ್ರೆ ಸುಲಭವಾಗಿ ಗೊತ್ತಾಗಲಿ ಅಂತ.

ಗೈನೋಜೆನೆಸಿಸ್ ಮಾಡಿದ್ರೆ ಎಲ್ಲ ಹೆಣ್ಣೇ ಹುಟ್ಟತ್ತೆ ಅಂತ ನಮ್ಮ ಬ್ರೋಷರಲ್ಲಿ ದಪ್ಪಕ್ಷರದಲ್ಲಿತ್ತು. ಇದು ಮೀನಿನ ಮೇಲೆ ನಿಂತಿದೆ. ಅಟ್ಲಾಂಟಿಕ್ ಹ್ಯಾಲಿಬಟ್‌ನಲ್ಲಿ ಹೆಣ್ಣು ಎಕ್ಸ್‌ಎಕ್ಸ್ (ಲಿಂಗದ ಕ್ರೋಮೋಸೋಮ್ ಎರಡೂ ಒಂದೇ ಥರ), ಹಾಗಾಗಿ ಅಲ್ಲಿ ನಡೆಯತ್ತೆ, ಅಂಥ ಹೆಣ್ಣುಮರಿಗಳನ್ನ ಹಾರ್ಮೋನಿಂದ ಗಂಡು ಮಾಡಿ ಮಾಮೂಲಿ ಹೆಣ್ಣಿನ ಜೊತೆ ಕೂಡಿಸಿದ್ರೆ ಮುಂದಿನ ಪೀಳಿಗೆ ಪೂರ್ತಿ ಹೆಣ್ಣು, ಮಾರೋ ಮೀನಿಗೆ ಹಾರ್ಮೋನ್ ಸೋಕೋದೇ ಇಲ್ಲ. ಫ್ಲೌಂಡರಲ್ಲೂ ಎಕ್ಸ್‌ಎಕ್ಸ್, ಆದ್ರೆ ಮರಿಯಿದ್ದಾಗ ನೀರು ಹೆಚ್ಚು ಬಿಸಿಯಾದ್ರೆ ಎಕ್ಸ್‌ಎಕ್ಸ್ ಇದ್ದದ್ದೂ ಗಂಡಾಗಿ ಬಿಡತ್ತೆ. ಟಂಗ್ ಸೋಲ್ ಅನ್ನೋ ಮೀನಿನಲ್ಲಿ ಕೋಳಿ ಥರ ಹೆಣ್ಣಿಗೇ ಎರಡು ಬೇರೆ ಬೇರೆ ಕ್ರೋಮೋಸೋಮ್, ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಸೀಬಾಸ್‌ಗೋ ಲಿಂಗದ ಕ್ರೋಮೋಸೋಮೇ ಇಲ್ಲ, ಹಲವಾರು ಜೀನು ಮತ್ತು ಮರಿಯಿದ್ದಾಗಿನ ನೀರಿನ ಬಿಸಿ ಸೇರಿ ತೀರ್ಮಾನ ಆಗೋದು. ಸಾಕಾಣಿಕೆಯಲ್ಲಿ ಸೀಬಾಸ್ ಗಂಡೇ ಜಾಸ್ತಿ ಬರೋದು ದೊಡ್ಡ ತಲೆನೋವು, ಗಂಡು ಚಿಕ್ಕದಾಗೇ ಉಳಿಯತ್ತೆ, ಆದ್ರೆ ಅದಕ್ಕೆ ಈ ಮಷೀನ್ ಮದ್ದಲ್ಲ. ಹೆಣ್ಣು ಸೀಬಾಸ್ ಬೇಕು ಅಂತ ಇದನ್ನ ತಗೊಂಡೋರು ಒಬ್ಬರು ನಂಗೆ ಗೊತ್ತು, ಆ ಬ್ರೋಷರ್ ನಂಬಿಯೇ ತಗೊಂಡಿದ್ದು. ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಹಾಗಾದ್ರೆ ಟ್ರಿಪ್ಲಾಯ್ಡ್ ಸೀಬಾಸಿಂದ ಲಾಭ ಏನು ಅಂತ ಕೇಳ್ತೀರಿ. ಬೇಗ ಬೆಳೆಯತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ವಯಸ್ಸಿಗೆ ಬರೋ ಮುಂಚೆ ಅದು ಮಾಮೂಲಿ ಮೀನಿಗಿಂತ ವೇಗವಾಗಿ ಬೆಳೆಯಲ್ಲ. ಮೂರು ಸೆಟ್ಟನ್ನ ಸಮವಾಗಿ ಎರಡು ಪಾಲು ಮಾಡೋಕಾಗಲ್ಲ, ಹಾಗಾಗಿ ಬಂಜೆ. ಹೆಣ್ಣಿನಲ್ಲಿ ಅಂಡಾಶಯ ದಾರದಷ್ಟೇ ಉಳಿಯತ್ತೆ, ತಿಂದದ್ದು ಮೊಟ್ಟೆಗೆ ಹೋಗಲ್ಲ. ಗಂಡಿನಲ್ಲಿ ವೃಷಣ ಸ್ವಲ್ಪ ಮಟ್ಟಿಗೆ ಬೆಳೀತದೆ, ಆದ್ರೆ ವೀರ್ಯದಿಂದ ಮರಿ ಬದುಕಲ್ಲ. ನಂಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಬಲೆ ಹರಿದು ಸಮುದ್ರಕ್ಕೆ ಹೋದ ಮೀನಿನ ವಿಷಯ. ಬಲೆ ಹರಿಯೋದು ಹರಿಯತ್ತೆ, ಬಿರುಗಾಳಿ ಬಂದ್ರೆ ಒಂದೇ ರಾತ್ರಿ ಸಾವಿರಾರು ಮೀನು ಹೋಗ್ತವೆ. ನಾವು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಮೀನು ಕಾಡು ಮೀನಿನ ಜೊತೆ ಕೂಡಿ ಅದರ ರಕ್ತ ಕೆಡಿಸಬಾರದು ಅಂದ್ರೆ ಬಂಜೆ ಮೀನು ಸಾಕೋದು ಒಂದು ಮರ್ಯಾದಸ್ಥ ದಾರಿ.

ಆದ್ರೆ ಆ ಮೀನಿಗೂ ಕಷ್ಟ ಇದೆ, ಅದನ್ನ ಮುಚ್ಚಿಡಬಾರದು. ಟ್ರಿಪ್ಲಾಯ್ಡಿನ ಜೀವಕೋಶ ದೊಡ್ಡದು, ಸಂಖ್ಯೆ ಕಮ್ಮಿ, ಬಿಸಿನೀರು ಮತ್ತೆ ಆಕ್ಸಿಜನ್ ಕೊರತೆ ಎರಡೂ ಒಟ್ಟಿಗೆ ಬಂದ್ರೆ ಡಿಪ್ಲಾಯ್ಡಿಗಿಂತ ಮೊದಲು ಸೋಲೋದು ಇವೇ. ಸಾಲ್ಮನ್‌ನಲ್ಲಿ ಇವಕ್ಕೆ ಬೆನ್ನುಮೂಳೆ ಸೊಟ್ಟ ಆಗದೇ ಇರೋಕೆ ಫಾಸ್ಫರಸ್, ಕಣ್ಣಿನ ಪೊರೆ ತಡೆಯೋಕೆ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ ಜಾಸ್ತಿ ಕೊಡಬೇಕು ಅಂತ ಗೊತ್ತಾಗಿದೆ. ನಾವು ಸೀಬಾಸ್ ಟ್ರಿಪ್ಲಾಯ್ಡನ್ನ ಬೇರೆ ಟ್ಯಾಂಕಲ್ಲೇ ಇಡ್ತೀವಿ, ಕಮ್ಮಿ ಸಾಂದ್ರತೆ, ಬೇಸಿಗೆಯಲ್ಲಿ ಆಕ್ಸಿಜನ್ ಕಡೆ ಎರಡರಷ್ಟು ಗಮನ.

ಮಷೀನ್ ತಗೋಬೇಕಾ, ಐಸಲ್ಲೇ ಮಾಡಬಹುದಾ? ಮಾಡಬಹುದು. ಸೀಬಾಸ್‌ಗೆ ಫಲೀಕರಣ ಆಗಿ 5 ನಿಮಿಷಕ್ಕೆ 0ಯಿಂದ 1 ಡಿಗ್ರಿ ನೀರಿಗೆ ಹಾಕಿ 10 ನಿಮಿಷ ಬಿಟ್ರೂ ಟ್ರಿಪ್ಲಾಯ್ಡ್ ಬರತ್ತೆ, ಟರ್ಬಟ್ ಅನ್ನೋ ಚಪ್ಪಟೆ ಮೀನಿಗೆ ಆರೂವರೆ ನಿಮಿಷಕ್ಕೆ ಶುರು ಮಾಡಿ ಸೊನ್ನೆ ಡಿಗ್ರಿ ಹತ್ರ 25 ನಿಮಿಷ. ಸಮುದ್ರದ ನೀರು ಸೊನ್ನೆಗೆ ಹೆಪ್ಪುಗಟ್ಟಲ್ಲ, ಅದೊಂದು ಅನುಕೂಲ. ಸಿಲಿಂಡರ್ ಸೈಜಿನ ಮಿತಿ ಇಲ್ಲ, ಎಷ್ಟು ಮೊಟ್ಟೆ ಬೇಕಾದ್ರೂ ಹಾಕಬಹುದು. ತೊಂದರೆ ಏನಂದ್ರೆ 14 ಡಿಗ್ರಿ ಮೊಟ್ಟೆ ಸುರಿದ ತಕ್ಷಣ ತಣ್ಣೀರು ಬಿಸಿಯಾಗತ್ತೆ, ದೊಡ್ಡ ಪ್ರಮಾಣದ ನೀರು ಮತ್ತೆ ಒಳ್ಳೆ ಚಿಲ್ಲರ್ ಇಲ್ದಿದ್ರೆ ಮೂಲೆಯಲ್ಲಿ ಒಂದು ಡಿಗ್ರಿ, ಮಧ್ಯದಲ್ಲಿ ಮೂರು ಡಿಗ್ರಿ, ಬರೋ ಮರಿಯಲ್ಲಿ ಅರ್ಧ ಟ್ರಿಪ್ಲಾಯ್ಡ್ ಅರ್ಧ ಡಿಪ್ಲಾಯ್ಡ್. ಒತ್ತಡಕ್ಕೆ ಮೂಲೆ ಮಧ್ಯ ಅಂತಿಲ್ಲ, ಪ್ರತಿ ಮೊಟ್ಟೆಗೂ ಅದೇ ಕ್ಷಣ ಅಷ್ಟೇ ತಾಗತ್ತೆ, ಮಷೀನಿನ ಬೆಲೆ ಇರೋದೇ ಅದರಲ್ಲಿ. ಗೈನೋಜೆನೆಸಿಸ್, ಸಂಶೋಧನೆ, ಒಂದೊಂದು ಹೆಣ್ಣಿನ ಮೊಟ್ಟೆ ಬೇರೆ ಬೇರೆ ನೋಡೋ ಕೆಲಸ ಇದ್ರೆ ಮಷೀನ್ ತಗೊಳ್ಳಿ. ಬರೀ ಟರ್ಬಟ್ ಟ್ರಿಪ್ಲಾಯ್ಡ್ ದೊಡ್ಡ ಪ್ರಮಾಣದಲ್ಲಿ ಬೇಕು ಅಂದ್ರೆ ಆ ದುಡ್ಡಲ್ಲಿ ಒಳ್ಳೆ ಚಿಲ್ಲರ್ ತಗೊಂಡು ಉಳಿದದ್ದರಲ್ಲಿ ಸೈಟೋಮೀಟರ್ ಟೆಸ್ಟ್ ಮಾಡಿಸಿ.

ತಗೊಳ್ಳೋರಿಗೆ ಒಂದೇ ಮಾತು, ಆರ್ಡರ್ ಮಾಡೋವಾಗ್ಲೇ ಉಪ್ಪುನೀರಿಗೆ ತಡೆಯೋ ಗ್ರೇಡಿನ ಮುಚ್ಚಳ ಬೇಕು ಅಂತ ಬರೆಸಿ, ಓ ರಿಂಗ್ ಎರಡು ಸೆಟ್ ಹೆಚ್ಚಿಗೆ ತರಿಸಿಟ್ಕೊಳ್ಳಿ, ಗೇಜನ್ನ ಪ್ರತಿ ಸೀಸನ್ ಮುಂಚೆ ಬೇರೆ ಗೇಜಿನ ಜೊತೆ ಹೋಲಿಸಿ. ಮ್ಯಾನುಯಲ್ ಆ ಸಾಲು ತಿದ್ದಿ ಅಂತ ಕಂಪನಿಗೆ ಎರಡು ಸಲ ಬರೆದಿದ್ದೀನಿ, ಹೊಸ ಪ್ರಿಂಟಲ್ಲಿ ಹಾಕ್ತೀವಿ ಅಂದಿದ್ದಾರೆ. ಅಲ್ಲಿವರೆಗೂ ನಮ್ಮ ಪ್ರತಿಯಲ್ಲಿ ಆ ಸಾಲಿನ ಮೇಲೆ ಕೆಂಪು ಪೆನ್ನಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆದಿಟ್ಟಿದ್ದೀವಿ: ಸೀಬಾಸ್, 14 ಡಿಗ್ರಿ, 6 ನಿಮಿಷ, 8500, 2 ನಿಮಿಷ.